ಇ.ವಿ. ಹೋಮ್ ಚಾರ್ಜಿಂಗ್: ತೀರ್ಥಹಳ್ಳಿ ಕಡೆಯ ಎರಡು ವರ್ಷದ ಅನುಭವ, ವೈರ್‌ಲೆಸ್‌ಗೆ ಕಾಯುತ್ತಿರುವವರಿಗೂ ಸೇರಿ

ನಮ್ಮ ಮನೆ ತೀರ್ಥಹಳ್ಳಿಯಿಂದ ಎಂಟು ಕಿಲೋಮೀಟರ್ ಒಳಗೆ, ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣಿನ ರಸ್ತೆ. 30 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ತಗೊಂಡು ಎರಡು ವರ್ಷ ಕಳೆದು ಮೂರನೇ ಮಳೆಗಾಲ ನಡೀತಿದೆ. 38,000 ಕಿ.ಮೀ. ಓಡಿದೆ. ವಾರಕ್ಕೆರಡು ಸಲ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಹೋಗಿಬರ್ತೀನಿ. ಒಂದು ಸಲ ಹೋಗಿಬಂದರೆ ಸುಮಾರು 18 ಯೂನಿಟ್ ಖರ್ಚು. ಕಾರಿನ ಜೊತೆ ಕೊಟ್ಟ 15 ಆಂಪಿಯರ್ ಚಾರ್ಜರನ್ನು ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಗಿನ ಜಾವಕ್ಕೆ ತುಂಬಿರುತ್ತೆ. ಕಾರಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಚಾರ್ಜಿಂಗ್ ವಿಷಯ ಮಾತ್ರ ಬರೀತೀನಿ. ಯಾಕಂದ್ರೆ ನಮ್ಮ ಭಾವನವರೂ ಸೇರಿ ನಾಲ್ಕೈದು ಮನೆಯವರು "ತಂತಿ ಚುಚ್ಚದೆ ಚಾರ್ಜ್ ಆಗೋ ವೈರ್‌ಲೆಸ್ ಬರ್ತದಂತಲ್ಲ, ಬಂದ ಮೇಲೆ ತಗೊಂಡರಾಯ್ತು" ಅಂತ ಕೂತಿದ್ದಾರೆ.

ನಮಗೆ ಮೊದಲು ಕಾಟ ಕೊಟ್ಟಿದ್ದು ಅರ್ಥಿಂಗ್. ಕಾರು ಬಂದ ಮೊದಲ ಬೇಸಿಗೆಯಲ್ಲೇ ಚಾರ್ಜರಿನಲ್ಲಿ ಕೆಂಪು ದೀಪ ಮಿನುಗೋಕೆ ಶುರುವಾಯ್ತು, ಅರ್ಥ್ ಸರಿಯಿಲ್ಲ ಅಂತ ಚಾರ್ಜ್ ಹತ್ತಲಿಲ್ಲ. ನಮ್ಮದು ಜಂಬಿಟ್ಟಿಗೆ ನೆಲ. ಮಾರ್ಚ್ ಬಂತೆಂದರೆ ತೇವವೇ ಇರೋದಿಲ್ಲ, ಹಳೆಯ ಅರ್ಥ್ ರಾಡು ಒಣ ಕಲ್ಲಿನೊಳಗೆ ನಿಂತಂತೆ. ಮೊದಲು ಬಂದ ಎಲೆಕ್ಟ್ರಿಷಿಯನ್ "ನ್ಯೂಟ್ರಲ್ಲಿಗೇ ಅರ್ಥ್ ಸೇರಿಸಿ ಕೊಡ್ತೀನಿ ಅಕ್ಕ, ಚಾರ್ಜರಿಗೆ ಗೊತ್ತಾಗಲ್ಲ" ಅಂದರು. ದಯವಿಟ್ಟು ಯಾರೂ ಇದಕ್ಕೆ ಒಪ್ಪಬೇಡಿ. ಗಾಳಿಮಳೆಗೆ ಮರ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ ಕಾರಿನ ಮೈಗೇ ಕರೆಂಟು ಬರಬಹುದು. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟುವವರು ನಮ್ಮ ಮಕ್ಕಳು.

ಎರಡನೆಯವರು ಅಂಗಳವೆಲ್ಲ ಸುತ್ತಾಡಿ, ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ತೆಂಗಿನ ಮರದ ಹತ್ತಿರ ನಿಂತು "ಇಲ್ಲಿ ವರ್ಷಪೂರ್ತಿ ತಂಪು ಇರ್ತದೆ" ಅಂದರು. ಅಲ್ಲೇ ಗುಂಡಿ ತೆಗೆಸಿ, ಇದ್ದಿಲು-ಉಪ್ಪು ತುಂಬಿ ಹೊಸ ಅರ್ಥಿಂಗ್ ಮಾಡಿದರು. ಮೀಟರ್ ಬೋರ್ಡಿನಿಂದ ಬೇರೆಯೇ 4 ಸ್ಕ್ವೇರ್ ಎಂಎಂ ವೈರು, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್ಚು), ಒಂದು ಸಬ್‌ಮೀಟರು ಹಾಕಿಸಿದೆವು. ಆಮೇಲೆ ಆ ಕೆಂಪು ದೀಪ ಕಂಡಿಲ್ಲ.

ವೋಲ್ಟೇಜಿನದ್ದು ಇನ್ನೊಂದು ಕಥೆ. ನಮ್ಮದು ಲೈನಿನ ಕೊನೆಯ ಮನೆ. ಬೇಸಿಗೆಯಲ್ಲಿ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ 180ಕ್ಕೆ ಇಳಿಯುತ್ತೆ. 220ರಲ್ಲಿ 3.3 ಕಿಲೋವ್ಯಾಟ್ ಎಳೆಯುವ ಚಾರ್ಜರು ಆಗ 2.7ಕ್ಕೆ ಬರುತ್ತೆ, ಕೆಲವೊಮ್ಮೆ ನಿಂತೇ ಹೋಗುತ್ತೆ. ತಡರಾತ್ರಿ ಸರಿಯಾಗುತ್ತೆ.

ಇನ್ನು ತಂತಿಯ ವಿಷಯ. ಪುಷ್ಯ ಮಳೆ ಹಿಡಿದ ರಾತ್ರಿ ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಕೆಸರು ಮೆತ್ತಿದ ಕೇಬಲ್ಲು, ಕಾಲಿಗೆ ಉಂಬಳ. ಕೇಬಲ್ಲಿನ ತುದಿಯಲ್ಲಿ ಕಾರಿಗೆ ಚುಚ್ಚುವ ಗನ್ನಿನ ಕನೆಕ್ಟರು ಮಳೆಗೆ ತಾಳುವಂಥದ್ದೇ, ಆದರೂ ನಮ್ಮ ಅತ್ತೆಗೆ ಈಗಲೂ ಅದನ್ನು ಮುಟ್ಟಲು ಭಯ. ಹೋದ ಅಕ್ಟೋಬರಿನಲ್ಲಿ ಹತ್ತು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಗನ್ನು ಕಾರಿಗೆ ಕೂರ್ತಾನೇ ಇಲ್ಲ. ಟಾರ್ಚು ಬಿಟ್ಟರೆ ಒಂದು ಪಿನ್ನಿನ ತೂತಿನ ತುಂಬ ನುಣುಪಾದ ಕೆಮ್ಮಣ್ಣು! ಕುಂಬಾರ ಹುಳ ಗೂಡು ಕಟ್ಟಿತ್ತು. ಮೇನ್ ಆಫ್ ಮಾಡಿ, ಹಿಡಿಕಡ್ಡಿಯಲ್ಲಿ ಚೂರುಚೂರಾಗಿ ಬಿಡಿಸೋಕೆ ಅರ್ಧ ಗಂಟೆ ಬೇಕಾಯ್ತು. ಅಂದಿನಿಂದ ಗನ್ನಿಗೆ ಮುಚ್ಚಳ ಹಾಕದೆ ಬಿಡೋದಿಲ್ಲ.

ಇಂಥ ದಿನ ವೈರ್‌ಲೆಸ್ ಎಷ್ಟು ಚೆಂದ ಅಂತ ನನಗೂ ಅನ್ನಿಸಿದೆ. ನೆಲದಲ್ಲೊಂದು ತಾಮ್ರದ ಸುರುಳಿ, ಕಾರಿನ ಹೊಟ್ಟೆಗೊಂದು. ಕೆಳಗಿನದ್ದಕ್ಕೆ 85 ಕಿಲೋಹರ್ಟ್ಜ್ ಸುಮಾರಿನ ಕರೆಂಟು ಕೊಟ್ಟರೆ ಮೇಲಿನದ್ದರಲ್ಲಿ ಕರೆಂಟು ಹುಟ್ಟುತ್ತೆ. ನಡುವೆ ಮಳೆನೀರು ನಿಂತರೂ ಅಡ್ಡಿಯಿಲ್ಲ. ನಷ್ಟ ಬಹಳ ಅಂದ್ಕೊಂಡಿದ್ದೆ, ಅದು ತಪ್ಪು. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ 2020ರಲ್ಲಿ ತಂದ ಜೆ2954 ಅನ್ನೋ ವೈರ್‌ಲೆಸ್ ಚಾರ್ಜಿಂಗ್ ಮಾನದಂಡ, ಸುರುಳಿಗಳು ಸರಿಯಾಗಿ ಎದುರುಬದುರು ಕೂತಾಗ ಕನಿಷ್ಠ ಶೇ. 85 ದಕ್ಷತೆ ಕೇಳುತ್ತೆ. ನನ್ನ ತಂತಿಯಲ್ಲೂ ಕಾರಿಗೆ 18 ಯೂನಿಟ್ ಸೇರಬೇಕಾದರೆ ಸಬ್‌ಮೀಟರಿನಲ್ಲಿ ಇಪ್ಪತ್ತೂವರೆ ಓಡಿರುತ್ತೆ, ಅಂದರೆ ಶೇ. 88.

ತೊಡಕು ನಮ್ಮ ನೆಲದಲ್ಲಿದೆ. ಅದೇ ಮಾನದಂಡದ ಪ್ರಕಾರ ಕಾರು ಹಿಂದೆಮುಂದೆ 75 ಮಿಲಿಮೀಟರ್, ಅಕ್ಕಪಕ್ಕ 100 ಮಿಲಿಮೀಟರ್ ಒಳಗೆ ನಿಲ್ಲಬೇಕು. ಆಷಾಢದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಚಕ್ರವೇ ಅಷ್ಟು ಜಾರುತ್ತೆ. ಹಾಗಾಗಿ ಮೊದಲು ಕಾಂಕ್ರೀಟ್ ಶೆಡ್ಡು ಬೇಕು. ಮತ್ತೆ ಕಾರಿನ ಹೊಟ್ಟೆಗೆ ಕಟ್ಟಿದ ಆ ಸುರುಳಿಯ ತಟ್ಟೆ! ನಮ್ಮ ಮಣ್ಣಿನ ರಸ್ತೆಯಲ್ಲಿ ನಡುವಿನ ದಿಬ್ಬಕ್ಕೆ ಈಗಲೇ ತಳ ಒರೆಸುತ್ತೆ, ಇನ್ನೆರಡು ಬೆರಳು ಎತ್ತರ ಕಳಕೊಳ್ಳೋಕೆ ನಾನು ತಯಾರಿಲ್ಲ. ಬೆಚ್ಚಗಿನ ಜಾಗ ಅಂತ ಕಾರಿನಡಿ ಮಲಗುವ ನಾಯಿಯ ಚಿಂತೆಯೂ ಇದೆ. ಅಡಿಯಲ್ಲಿ ಪ್ರಾಣಿ, ಕಬ್ಬಿಣದ ಚೂರು ಇದ್ದರೆ ಗುರುತಿಸಿ ನಿಲ್ಲಿಸುವ ಸೆನ್ಸರ್ ಇಲ್ಲದ್ದನ್ನು ನಾನಂತೂ ಮನೆಗೆ ತರೋದಿಲ್ಲ.

ಬಿಎಂಡಬ್ಲ್ಯು 2018ರಲ್ಲೇ 3.2 ಕಿಲೋವ್ಯಾಟಿನದ್ದು ತಂದಿತ್ತು, ಪೋರ್ಷೆ 2025ರಲ್ಲಿ 11 ಕಿಲೋವ್ಯಾಟಿನದ್ದು ತೋರಿಸಿತು. ಎರಡೂ ನಮ್ಮ ಕೈಗೆಟುಕುವ ಕಾರುಗಳಲ್ಲ. ನನಗೆ ಹೆಚ್ಚು ಖುಷಿಯಾಗಿದ್ದು ತಿರುವನಂತಪುರದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮತ್ತು ನಾಗಪುರದ ಎಂಜಿನಿಯರಿಂಗ್ ಕಾಲೇಜು ವಿಎನ್‌ಐಟಿ ಸೇರಿ ಮಾಡಿದ ನಮ್ಮದೇ ದೇಶದ ವೈರ್‌ಲೆಸ್ ಚಾರ್ಜರ್ ಸುದ್ದಿ. ಅದು 48 ವೋಲ್ಟ್ ಬ್ಯಾಟರಿಗೆ, 1.5 ಕಿಲೋವ್ಯಾಟ್. ನನ್ನ ಕಾರಿಗಾದರೆ ಆ ವೇಗದಲ್ಲಿ ಇಪ್ಪತ್ತು ಗಂಟೆ ಬೇಕು, ಆದರೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಸಾಲಾಗಿ ನಿಲ್ಲುವ ಆಟೋಗಳಿಗೆ ಇಂಥದ್ದು ಬಂದರೆ ಎಷ್ಟು ಅನುಕೂಲ.

ಭಾವನವರಿಗೆ ಹೇಳಿದ್ದು ಇಷ್ಟೇ: ತಂತಿ ಹೋದರೂ ಕರೆಂಟು ಅದೇ ಕಂಬದಿಂದ ಬರಬೇಕು, ಅದೇ 180 ವೋಲ್ಟು, ಅದೇ ಜಂಬಿಟ್ಟಿಗೆ. ಅವರ ಮನೆಯಲ್ಲಿ ತೋಟಕ್ಕೆ ಇಳಿಯುವ ಮೂಲೆ ಬೇಸಿಗೆಯಲ್ಲೂ ತಂಪಾಗಿರುತ್ತೆ. ಮಳೆ ಬಿಟ್ಟ ಮೇಲೆ ಅಲ್ಲಿ ಗುಂಡಿ ತೆಗೆಸೋದು ಅಂತಾಗಿದೆ. ಇದ್ದಿಲಿಗೆ ನಮ್ಮ ಬಚ್ಚಲ ಒಲೆಯದ್ದೇ ಎರಡು ಚೀಲ ಕೂಡಿಟ್ಟಿದ್ದೀನಿ.