ಪಾರದರ್ಶಕ ಸೂಪರ್‌ಕೆಪಾಸಿಟರ್‌ಗೆ ಯಾವ ಫಿಲ್ಮ್? ಬೆಳ್ಳಿ ನ್ಯಾನೋತಂತಿಯಾ, ಕಾರ್ಬನ್ ನ್ಯಾನೋಟ್ಯೂಬಾ?

ಸೂಪರ್‌ಕೆಪಾಸಿಟರ್ ಅಂದರೆ ಚಾರ್ಜ್ ಕೂಡಿಟ್ಟು ಬೇಗ ಬಿಟ್ಟುಕೊಡುವ ಸಾಧನ; ಅದು ಪಾರದರ್ಶಕವಾಗಿರಬೇಕಾದರೆ ಬೆಳಕೂ ದಾಟುವ, ವಿದ್ಯುತ್ತೂ ಹರಿಯುವ ಫಿಲ್ಮ್ ಬೇಕು. ಮೊದಲು ಐಟಿಒ (ಇಂಡಿಯಮ್ ಟಿನ್ ಆಕ್ಸೈಡ್, ಟಚ್‌ಸ್ಕ್ರೀನ್‌ಗಳಲ್ಲಿ ಬಳಸುವ ಪಾರದರ್ಶಕ ವಾಹಕ ಪದರ) ಮಾತು ಮುಗಿಸಿಬಿಡೋಣ. ಗಾಜಿನ ಮೇಲೆ ಚೆನ್ನಾಗಿರುತ್ತದೆ, ಬಾಗಿಸಿದರೆ ಬಿರುಕು ಬಿಡುತ್ತದೆ. ಬಾಗುವ ಸಾಧನಕ್ಕೆ ಬೇಡ.

ಬೆಳ್ಳಿ ನ್ಯಾನೋತಂತಿಯ ಅಂಕಿಅಂಶ ನೋಡಿದರೆ ಯಾರಾದರೂ ಮರುಳಾಗುತ್ತಾರೆ: ಸುಮಾರು 90% ಬೆಳಕು ದಾಟುತ್ತದೆ, ಷೀಟ್ ರೆಸಿಸ್ಟೆನ್ಸ್ (ಪದರದಲ್ಲಿ ವಿದ್ಯುತ್ತಿಗಿರುವ ತಡೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 10–20 ಓಮ್ ಆಸುಪಾಸು. ಆದರೆ ಟಚ್‌ಸ್ಕ್ರೀನ್ ಬೇರೆ, ಚಾರ್ಜ್ ಕೂಡಿಡುವುದು ಬೇರೆ ಅಲ್ವಾ? ಎಲೆಕ್ಟ್ರೊಲೈಟ್‌ನಲ್ಲಿ (ಸೂಪರ್‌ಕೆಪಾಸಿಟರ್ ಒಳಗಿನ, ಅಯಾನುಗಳಿರುವ ದ್ರವ ಅಥವಾ ಜೆಲ್) ಮುಳುಗಿಸಿ ಧನ ವೋಲ್ಟೇಜ್ ಕೊಟ್ಟರೆ ಬೆಳ್ಳಿ ಆಕ್ಸಿಡೈಸ್ ಆಗಿ ಕರಗತೊಡಗುತ್ತದೆ, ತಂತಿ ಅಲ್ಲಲ್ಲಿ ತುಂಡಾಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಮೇಲೆ ಚಿನ್ನದ ಅಥವಾ ಪಾಲಿಮರ್ ಲೇಪ ಕೊಡಬೇಕು, ಅಂದರೆ ಕೆಲಸವೂ ಖರ್ಚೂ ಜಾಸ್ತಿ.

ಕಾರ್ಬನ್ ನ್ಯಾನೋಟ್ಯೂಬ್‌ಗೆ, ಅಂದರೆ ಕಾರ್ಬನ್‌ನ ಅತಿ ಸಣ್ಣ ಕೊಳವೆಗಳಿಗೆ, ಆ ತಲೆನೋವು ಕಡಿಮೆ. ರೆಸಿಸ್ಟೆನ್ಸ್ ಮಾತ್ರ ಬೆಳ್ಳಿಗಿಂತ ಹೆಚ್ಚು, ಹಾಗಾಗಿ ವೇಗವಾಗಿ ಚಾರ್ಜ್ ಮಾಡುವಾಗ ಪೆಟ್ಟು ಬೀಳುತ್ತದೆ. ಹೆಚ್ಚು ಚಾರ್ಜ್ ಹಿಡಿಯಲಿ ಅಂತ ಪದರ ದಪ್ಪ ಮಾಡಿದಿರೋ, ಫಿಲ್ಮ್ ಕಪ್ಪಾಗುತ್ತದೆ. ಗ್ರಾಫೀನ್‌ದೂ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಇದೇ ಕಥೆ: ಒಂದೊಂದು ಪದರವೂ 2.3% ಬೆಳಕು ನುಂಗುತ್ತದೆ.

ನನ್ನನ್ನು ಕೇಳಿದರೆ, ಬಾಳಿಕೆ ಮುಖ್ಯವಾದರೆ ನ್ಯಾನೋಟ್ಯೂಬ್ ತೆಗೆದುಕೊಳ್ಳಿ. ವೇಗ ಬೇಕು, ಲೇಪಕ್ಕೆ ಸಮಯವಿದೆ ಅಂದರೆ ಬೆಳ್ಳಿ. ಬಜೆಟ್ ಇದ್ದರೆ ಚಿನ್ನದ ಸೂಕ್ಷ್ಮ ಜಾಲರಿಯನ್ನೂ ನೋಡಿ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ, ಒಣಗಿ ಬಿರಿದ ಪದರದ ಸೀಳುಗಳಲ್ಲಿ ಲೋಹ ತುಂಬಿಸಿ ಇಂಥ ಜಾಲರಿ ಮಾಡಿದ್ದಾರೆ.