ಮಗುಚಿ ಹಾಕಿದ ಮಾರ್ಬಲ್ ಕಟರ್ ಟೇಬಲ್ ಸಾ ಅಲ್ಲ: ಕಟ್ಟುವ ಮೊದಲು ಇದನ್ನು ಓದಿ

ಮೂರು-ನಾಲ್ಕು ಸಾವಿರದ ಮಾರ್ಬಲ್ ಕಟರ್, ಅದಕ್ಕೊಂದು 110 ಎಂಎಂ ಟಿಸಿಟಿ (ಕಾರ್ಬೈಡ್ ಹಲ್ಲಿನ) ಬ್ಲೇಡು, ಒಂದು ತುಂಡು ಪ್ಲೈವುಡ್, ನಾಲ್ಕು ಬೋಲ್ಟು. ಪ್ಲೈಯಲ್ಲಿ ಸೀಳು ಕೊರೆದು ಕಟರನ್ನು ಕೆಳಗಿನಿಂದ ಮಗುಚಿ ಬಿಗಿದರೆ ಟೇಬಲ್ ಸಾ (ಮೇಜಿನ ಸೀಳಿನಿಂದ ಬ್ಲೇಡು ಮೇಲೆದ್ದಿರುವ ಗರಗಸ) ರೆಡಿ ಎಂದು ತೋರಿಸುವ ವೀಡಿಯೋಗಳಿಗೆ ಲೆಕ್ಕವಿಲ್ಲ. ಅವುಗಳನ್ನು ನೋಡಿ ಕಾರ್ ಶೆಡ್ಡಿನಲ್ಲೋ ತಾರಸಿಯಲ್ಲೋ ಇದನ್ನು ಕಟ್ಟಿಕೊಂಡವರೂ ಬಹಳ ಮಂದಿ. ಅಂಥದೊಂದು ಮೇಜಿನ ಮೇಲೆ ಹವ್ಯಾಸಿಯೊಬ್ಬರ ಬೆರಳುಗಳಿಗೆ ಏನಾಯಿತು, ಯಾಕಾಯಿತು ಎಂಬುದು ಇಲ್ಲಿದೆ.

ಕೊಯ್ಯುತ್ತಿದ್ದದ್ದು ಸಿಲ್ವರ್ ಓಕ್ ಹಲಗೆ. 20 ಎಂಎಂ ದಪ್ಪ, ಎರಡಡಿ ಉದ್ದ. ಅದರಿಂದ 40 ಎಂಎಂ ಅಗಲದ ಪಟ್ಟಿ ತೆಗೆಯಬೇಕಿತ್ತು. ಮುಕ್ಕಾಲು ಭಾಗ ಸಲೀಸಾಗಿ ಹೋಯಿತು. ಆಮೇಲೆ ಮೋಟಾರಿನ ಸದ್ದು ಕುಗ್ಗಿತು. ಬ್ಲೇಡಿನ ಆಚೆ ಕಡೆ ಹಲಗೆ ಮೇಜಿನಿಂದ ಒಂದೆರಡು ಎಂಎಂ ಎದ್ದಿತು. ಎದ್ದದ್ದನ್ನು ಅದುಮಲು ಎಡಗೈ ಆಚೆ ಹೋಯಿತು. ಮರುಕ್ಷಣವೇ ಹಲಗೆ ಹಾರಿಬಂದು ಹೊಟ್ಟೆಗೆ ಬಡಿಯಿತು. ಅದರ ಮೇಲೆ ಭಾರ ಬಿಟ್ಟಿದ್ದ ಕೈ ನೇರ ಬ್ಲೇಡಿನ ಮೇಲೆ ಬಿತ್ತು. ತೋರುಬೆರಳು ಮತ್ತು ನಡುಬೆರಳಿನ ಸ್ನಾಯುರಜ್ಜು ತುಂಡಾಯಿತು. ಕಟರಿನ ಟ್ರಿಗರನ್ನು ಕೇಬಲ್ ಟೈ ಹಾಕಿ ಒತ್ತಿ ಕಟ್ಟಿದ್ದರು, ಸ್ವಿಚ್ಚು ಮೇಜಿನ ಆಚೆ ಗೋಡೆಯಲ್ಲಿತ್ತು. ರಕ್ತ ಸುರಿಯುವ ಕೈಯಲ್ಲೇ ತಿರುಗುತ್ತಿರುವ ಬ್ಲೇಡಿಗೆ ಸುತ್ತುಹಾಕಿಕೊಂಡು ಹೋಗಿ ಸ್ವಿಚ್ಚು ಆರಿಸಬೇಕಾಯಿತು.

ಇಂಥದ್ದನ್ನು ಕೇಳಿದವರು ಮೊದಲು ಹೇಳುವುದು "ಗಾರ್ಡ್ ಇರಲಿಲ್ಲವಲ್ಲ" ಎಂದು. ಬ್ಲೇಡನ್ನು ಮುಚ್ಚುವ ಗಾರ್ಡ್ ಬೇಕು, ನಿಜ. ಆದರೆ ಹಲಗೆಯನ್ನು ಹಾರಿಸಿದ್ದು ಗಾರ್ಡಿನ ಕೊರತೆಯಲ್ಲ.

ಟೇಬಲ್ ಸಾದಲ್ಲಿ ನಮ್ಮ ಕಡೆಯ ಹಲ್ಲುಗಳು ಕೆಳಮುಖವಾಗಿ ಇಳಿಯುತ್ತವೆ, ಮರವನ್ನು ಮೇಜಿಗೆ ಒತ್ತುತ್ತವೆ. ಆಚೆ ಕಡೆಯ ಹಲ್ಲುಗಳು ಮೇಲೇಳುತ್ತವೆ, ತುದಿಗೆ ಬಂದು ನಮ್ಮತ್ತ ತಿರುಗುತ್ತವೆ. ಕೊಯ್ದಾದ ಮರ ಆ ಏಳುವ ಹಲ್ಲುಗಳಿಗೆ ತಾಗಿತೆಂದರೆ ಅವು ಅದನ್ನು ಎತ್ತಿ ನಮ್ಮ ಮೇಲೆಯೇ ಎಸೆಯುತ್ತವೆ. ಎಸೆಯುವ ವೇಗವನ್ನು ಲೆಕ್ಕ ಹಾಕಿ ನೋಡಿ: ಮಾರ್ಬಲ್ ಕಟರ್ ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ. 110 ಎಂಎಂ ಬ್ಲೇಡಿನ ಅಂಚು ಸೆಕೆಂಡಿಗೆ 69 ಮೀಟರ್, ಅಂದರೆ ಗಂಟೆಗೆ ಸುಮಾರು 250 ಕಿ.ಮೀ. ಓಡುತ್ತಿರುತ್ತದೆ. ಕೈ ಹಿಂದೆಗೆಯಲು ಸೆಕೆಂಡಿನ ಐದನೇ ಒಂದು ಭಾಗ ಸಾಕು ಎಂದುಕೊಂಡರೂ ಅಷ್ಟರಲ್ಲಿ ಬ್ಲೇಡು 40 ಸುತ್ತು ಹಾಕಿರುತ್ತದೆ. "ಹುಷಾರಾಗಿದ್ದರೆ ಆಯ್ತು" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಮರ ಆ ಹಲ್ಲುಗಳಿಗೆ ಯಾಕೆ ತಾಗುತ್ತದೆ? ಒಂದು ಕಾರಣ ಮರದೊಳಗೇ ಇದೆ. ಸರಿಯಾಗಿ ಒಣಗದ ಮರ, ಗಂಟಿರುವ ಮರ, ಬಾಗಿ ಬೆಳೆದ ಮರ ಸೀಳಿದ ತಕ್ಷಣ ಒಳಗಿನ ಬಿಗಿತ ಬಿಟ್ಟು ಸೀಳನ್ನು ಮುಚ್ಚಿಕೊಳ್ಳುತ್ತದೆ. ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಹವ್ಯಾಸಿಗಳ ಅಚ್ಚುಮೆಚ್ಚು. ಆದರೆ ಹಸಿಯಾಗಿದ್ದಾಗಲೇ ಮಾರಾಟಕ್ಕೆ ಬರುವುದೂ ಉಂಟು. ನಿಜವಾದ ಟೇಬಲ್ ಸಾದಲ್ಲಿ ಬ್ಲೇಡಿನ ಬೆನ್ನಿಗೇ ರೈವಿಂಗ್ ನೈಫ್ ಎಂಬ ಲೋಹದ ತಗಡು ನಿಂತಿರುತ್ತದೆ, ಸೀಳು ಮುಚ್ಚದಂತೆ ಅಗಲಿಸಿ ಹಿಡಿಯುತ್ತದೆ. ಮಗುಚಿದ ಕಟರಿನಲ್ಲಿ ಅದು ಇರುವುದಿಲ್ಲ, ವೀಡಿಯೋದವರು ಅದರ ಹೆಸರನ್ನೂ ಎತ್ತುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ಎರಡನೆಯ ಕಾರಣ ಫೆನ್ಸ್, ಅಂದರೆ ಮರವನ್ನು ಒರಗಿಸಿ ತಳ್ಳುವ ನೇರ ಪಟ್ಟಿ. ಬ್ಲೇಡು ಅದಕ್ಕೆ ಸಮಾನಾಂತರವಾಗಿಲ್ಲದಿದ್ದರೆ ಮರ ಆಚೆ ಕಡೆಯ ಹಲ್ಲುಗಳಿಗೆ ಒತ್ತಿಕೊಳ್ಳುತ್ತದೆ. ಹಾಗಾಗುವುದಕ್ಕೆ ಮೂಲ ಕಟರಿನ ಬೇಸ್ ಪ್ಲೇಟ್. ಆ ತಗಡಿನ ಬೇಸನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ತುದಿಯಲ್ಲಿ ಪಿನ್ನು, ಇನ್ನೊಂದು ತುದಿಯಲ್ಲಿ ಆಳ ಹೊಂದಿಸುವ ಒಂದು ರೆಕ್ಕೆ ನಟ್ಟು. ಓರೆ ಹೊಂದಿಸುವ ಮಾದರಿಯಾದರೆ ಅದಕ್ಕೂ ಒಂದು. ಕೈಯಲ್ಲಿ ಹಿಡಿದು ಕಲ್ಲು ಕೊಯ್ಯುವಾಗ ಇಷ್ಟು ಸಾಕು, ಯಂತ್ರದ ಭಾರ ಬೇಸಿನ ಮೇಲೆ ಕೂತಿರುತ್ತದೆ. ಮಗುಚಿದಾಗ ಇಡೀ ಮೋಟಾರು ಆ ನಟ್ಟಿನಿಂದ ನೇತಾಡುತ್ತದೆ. ನಟ್ಟು ಅದುರಿ ಅದುರಿ ಸಡಿಲವಾಗುತ್ತದೆ, ಬ್ಲೇಡು ಕಾಣದಷ್ಟು ಓರೆಯಾಗುತ್ತದೆ. ಬೆಳಗ್ಗೆ ಫೆನ್ಸಿಗೆ ಸಮಾನಾಂತರವಾಗಿದ್ದದ್ದು ಸಂಜೆಗೆ ಹಾಗಿರುವುದಿಲ್ಲ.

ಅಳೆದು ನೋಡುವುದೂ ಸುಲಭವಲ್ಲ. ಈ ಕಟರುಗಳ ಕೊಯ್ತದ ಆಳ 32ರಿಂದ 34 ಎಂಎಂ. ಮೇಲೆ 9 ಎಂಎಂ ಪ್ಲೈ ಹಾಕಿದರೆ ಮೇಜಿನ ಮೇಲೆ ಉಳಿಯುವುದು ಸುಮಾರು 24 ಎಂಎಂ, ಆ ಮಟ್ಟದಲ್ಲಿ ಬ್ಲೇಡಿನ ಉದ್ದ 90 ಎಂಎಂ ಮಾತ್ರ. ಅಷ್ಟು ಗಿಡ್ಡ ಉದ್ದದಲ್ಲಿ ಅರ್ಧ ಎಂಎಂ ಓರೆ ಕಣ್ಣಿಗೆ ಬೀಳುವುದಿಲ್ಲ, ಮರವನ್ನು ಸಿಕ್ಕಿಸಲು ಅದೇ ಧಾರಾಳ. 12 ಎಂಎಂ ಪ್ಲೈ ಹಾಕಿದರೆ ಮೇಲೆ ಉಳಿಯುವುದು 21 ಎಂಎಂ, 18 ಎಂಎಂ ಬೋರ್ಡನ್ನು ಕಷ್ಟಪಟ್ಟು ದಾಟುತ್ತದೆ. ಹಾಗಾಗಿ ಜನ ತೆಳು ಪ್ಲೈಗೆ ಹೋಗುತ್ತಾರೆ, 6 ಎಂಎಂ ಕೂಡ ಹಾಕುತ್ತಾರೆ. ಮೋಟಾರಿನ ಭಾರಕ್ಕೆ ಅದು ನಡುವೆ ಜೋತುಬಿದ್ದರೆ ಕೊಯ್ಯುತ್ತಾ ಹೋದಂತೆ ಮರ ತಾನಾಗಿಯೇ ಬ್ಲೇಡನ್ನು ಹಿಸುಕುತ್ತದೆ.

ಸ್ವಿಚ್ಚಿನ ವಿಷಯ. ಟ್ರಿಗರ್ ಕಟ್ಟಿಟ್ಟ ಯಂತ್ರಕ್ಕೆ ಕರೆಂಟು ಹೋಗಿದ್ದೂ ಬಂದಿದ್ದೂ ಒಂದೇ. ಕರೆಂಟು ಹೋದಾಗ ಬ್ಲೇಡಿನ ಪಕ್ಕದ ಚೂರು ತೆಗೆಯಲು ಕೈ ಇಟ್ಟಿರುತ್ತೀರಿ, ಬಂದ ಕೂಡಲೇ ಬ್ಲೇಡು ತಿರುಗುತ್ತದೆ. ಕರೆಂಟು ಹೋದರೆ ತಾನೇ ಬಿಟ್ಟುಕೊಳ್ಳುವ, ಮತ್ತೆ ಒತ್ತುವ ತನಕ ಚಾಲೂ ಆಗದ ನೋ-ವೋಲ್ಟ್ ರಿಲೀಸ್ ಸ್ವಿಚ್ಚು ಆನ್‌ಲೈನಿನಲ್ಲಿ ಸಿಗುತ್ತದೆ. ಅಗಲವಾದ ಕೆಂಪು ಮುಚ್ಚಳ ಇರುವಂಥದ್ದು ತಗೊಳ್ಳಿ, ಮೊಣಕಾಲಿಗೆ ಎಟಕುವಂತೆ ಮೇಜಿನ ಮುಂಭಾಗಕ್ಕೆ ಹಾಕಿ.

ಬ್ಲೇಡಿನ ಮೇಲೆ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಚ್ಚಾಗಿರುತ್ತದೆ. ಅದು ಯಂತ್ರದ ಆರ್‌ಪಿಎಂಗಿಂತ ಕಡಿಮೆ ಇದ್ದರೆ ಆ ಬ್ಲೇಡು ಬೇಡ. ಅಚ್ಚೇ ಇಲ್ಲದಿದ್ದರೂ ಬೇಡ. ನಡುವಿನ ರಂಧ್ರ ಕಟರಿಗೆ 20 ಎಂಎಂ, ನಾಲ್ಕಿಂಚಿನ ಆಂಗಲ್ ಗ್ರೈಂಡರಿಗೆ 16 ಎಂಎಂ. ನಡುವೆ ಹಾಕುವ ಉಂಗುರ ಕಳೆದುಹೋಯಿತೆಂದು ಹಾಗೆಯೇ ಬಿಗಿದರೆ ಬ್ಲೇಡು ನಡು ತಪ್ಪಿ ತಿರುಗುತ್ತದೆ. (ಗ್ರೈಂಡರಿಗೆ ಮರದ ಬ್ಲೇಡು ಹಾಕುವುದು ಇದಕ್ಕಿಂತಲೂ ಕೆಟ್ಟ ಅಭ್ಯಾಸ. ಅದಕ್ಕೆ ಬೇಸೂ ಇಲ್ಲ, ಆಳಕ್ಕೆ ಮಿತಿಯೂ ಇಲ್ಲ.) ಮಗುಚಿದ ಕಟರಿನ ಗಾಳಿ ಕಿಂಡಿಗಳಿಗೆ ಮರದ ಪುಡಿ ನೇರ ಬೀಳುತ್ತದೆ. ಕಾರ್ಬನ್ ಬ್ರಷ್ಷಿನ ಕಿಡಿಗೆ ಅದು ಹೊಗೆಯಾಡಿದರೆ ಅಚ್ಚರಿಯಿಲ್ಲ.

ಈಗಾಗಲೇ ಕಟ್ಟಿಕೊಂಡಿದ್ದರೆ ಏನು ಮಾಡುವುದು? ಬಿಚ್ಚಿಬಿಡಿ ಎಂದೇ ಹೇಳುತ್ತೇನೆ. ಬಿಚ್ಚುವ ತನಕವಾದರೂ ಒಂದು ಸ್ಪ್ಲಿಟರ್, ಅಂದರೆ ರೈವಿಂಗ್ ನೈಫಿನಂತೆ ಸೀಳನ್ನು ಅಗಲಿಸಿ ಹಿಡಿಯುವ ತಗಡು, ಹಾಕಿ. ಹಲ್ಲಿನ ಅಗಲವನ್ನೂ ಬ್ಲೇಡಿನ ಮೈ ದಪ್ಪವನ್ನೂ ವರ್ನಿಯರಿನಲ್ಲಿ ಅಳೆಯಿರಿ. ಹಲ್ಲು 1.8, ಮೈ 1.2 ಇದ್ದರೆ 1.5 ಎಂಎಂ ತಗಡು ಬೇಕು. ಮೈಗಿಂತ ದಪ್ಪ, ಹಲ್ಲಿಗಿಂತ ತೆಳು. ಬ್ಲೇಡಿನ ನೇರಕ್ಕೇ ಆಚೆ ಕಡೆ, ಹಲ್ಲಿನಿಂದ 3ರಿಂದ 5 ಎಂಎಂ ದೂರದಲ್ಲಿ ನಿಲ್ಲಿಸಿ. ಬ್ಲೇಡಿನ ಬಾಗಿಗೆ ಹೊಂದುವಂತೆ ಅರ ಹಾಕಿ. ಫೆನ್ಸ್ ನೋಡುವುದು ಹೀಗೆ: ಪ್ಲಗ್ ತೆಗೆದು ಒಂದು ಹಲ್ಲಿಗೆ ಮಾರ್ಕರಿನಲ್ಲಿ ಗುರುತು ಹಾಕಿ. ಆ ಹಲ್ಲು ನಮ್ಮ ಕಡೆ ಇದ್ದಾಗ ಫೆನ್ಸಿನ ದೂರ ಅಳೆಯಿರಿ. ಅದೇ ಹಲ್ಲನ್ನು ಕೈಯಲ್ಲಿ ಆಚೆಗೆ ತಿರುಗಿಸಿ ಮತ್ತೆ ಅಳೆಯಿರಿ. ಎರಡೂ ಒಂದೇ ಇರಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಇರಲೇಬೇಕಾದರೆ ಆಚೆ ಕಡೆ ಅಗಲವಾಗಿರಲಿ. ಅಡ್ಡ ಕೊಯ್ಯುವಾಗ ತುಂಡನ್ನು ಫೆನ್ಸಿಗೆ ಒರಗಿಸಬೇಡಿ, ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿದ ಗಿಡ್ಡ ತುಂಡು ತಿರುಚಿಕೊಂಡು ಹಾರುತ್ತದೆ. ಕೈಗವಸು ಹಾಕಬೇಡಿ, ಹಲ್ಲಿಗೆ ಸಿಕ್ಕರೆ ಅದು ಕೈಯನ್ನೂ ಎಳೆದುಕೊಳ್ಳುತ್ತದೆ. ತೂಗುವ ತೋಳಿನ ಅಂಗಿ, ಬಳೆ, ಕೊರಳ ಸರಕ್ಕೂ ಇದೇ ಮಾತು. ಮರ ಎದ್ದರೆ ಅದುಮಲು ಹೋಗದೆ ಮೊದಲು ಸ್ವಿಚ್ಚು ಆರಿಸಿ. ನಿಲ್ಲುವುದು ಬ್ಲೇಡಿನ ನೇರದಲ್ಲಲ್ಲ, ಪಕ್ಕಕ್ಕೆ.

ಮನೆ ಕೆಲಸಕ್ಕೆ ಬೇಕಾದ ಬಹುಪಾಲು ಕೊಯ್ತಕ್ಕೆ ಮೇಜೇ ಬೇಕಿಲ್ಲ. ಏಳಿಂಚಿನ ಸರ್ಕ್ಯುಲರ್ ಸಾ ನಿಮಿಷಕ್ಕೆ 5,000 ಸುತ್ತಿನ ಆಸುಪಾಸು ತಿರುಗುತ್ತದೆ, ಕೆಳಗಿನ ಗಾರ್ಡ್ ತಾನೇ ಮುಚ್ಚಿಕೊಳ್ಳುತ್ತದೆ, ಎರಡೂ ಕೈ ಹಿಡಿಕೆಯ ಮೇಲಿರುತ್ತವೆ. ಅದಕ್ಕೊಂದು ಗೈಡ್ ಮಾಡಿಕೊಳ್ಳಿ. ಎಂಟಡಿ ಉದ್ದ, ಒಂದಡಿ ಅಗಲದ 6 ಎಂಎಂ ಪ್ಲೈ ಮೇಲೆ, ಒಂದು ಅಂಚಿನ ಕಡೆ, ಮೂರಿಂಚು ಅಗಲದ 12 ಎಂಎಂ ಪಟ್ಟಿಯನ್ನು ಅಂಟಿಸಿ ಸ್ಕ್ರೂ ಹಾಕಿ. ಪಟ್ಟಿಯ ಫ್ಯಾಕ್ಟರಿ ಅಂಚು (ಫ್ಯಾಕ್ಟರಿಯಲ್ಲೇ ನೇರವಾಗಿ ಕೊಯ್ದದ್ದು) ಒಳಮುಖವಾಗಿರಲಿ. ಸಾದ ಬೇಸನ್ನು ಆ ಅಂಚಿಗೆ ಒತ್ತಿ ಒಮ್ಮೆ ಪೂರ್ತಿ ಓಡಿಸಿದರೆ ಕೆಳಗಿನ ಪ್ಲೈ ಬ್ಲೇಡಿನ ನೇರಕ್ಕೇ ಕತ್ತರಿಸಿಹೋಗುತ್ತದೆ. ಮುಂದೆ ಆ ಅಂಚನ್ನು ಪೆನ್ಸಿಲ್ ಗೆರೆಗೆ ಕೂರಿಸಿ ಎರಡು ಕ್ಲ್ಯಾಂಪು ಹಾಕಿದರೆ ಮುಗಿಯಿತು. ಕೊಯ್ಯುವ ಬೋರ್ಡಿನ ಕೆಳಗೆ ನಾಲ್ಕು ರೀಪರ್ ಇಡಿ, ಗೆರೆಯ ಈಚೆ ಎರಡು, ಆಚೆ ಎರಡು, ಕೊಯ್ದ ಮೇಲೆ ಯಾವ ತುಂಡೂ ಬಾಗದಂತೆ. ಬ್ಲೇಡು ಬೋರ್ಡಿನ ಕೆಳಗೆ 5-6 ಎಂಎಂ ಇಳಿದರೆ ಸಾಕು. ಹಲ್ಲುಗಳು ಕೆಳಗಿನಿಂದ ಮೇಲೆ ಬರುವುದರಿಂದ ಒಳ್ಳೆಯ ಮುಖ ಕೆಳಗಿರಲಿ.

ಗಟ್ಟಿ ಮರದಿಂದ ಉದ್ದ ಪಟ್ಟಿ ಬೇಕಿದ್ದರೆ ಸಾಮಿಲ್ಲಿಗೋ ಟಿಂಬರ್ ಯಾರ್ಡಿಗೋ ಒಯ್ಯಿರಿ. ಬೇಕಾದ ಅಳತೆಗಿಂತ 3 ಎಂಎಂ ಹೆಚ್ಚು ಸೀಳಿಸಿ, ಮನೆಯಲ್ಲಿ ಕೀಸಿಕೊಳ್ಳಿ. ಹಳೆ ಮನೆ ಕೆಡವಿದ ಮರವಾದರೆ ಮೊಳೆಯನ್ನೆಲ್ಲ ಕಿತ್ತು ಒಯ್ಯಬೇಕು, ಇಲ್ಲದಿದ್ದರೆ ಅಲ್ಲಿ ಮುಟ್ಟುವುದೇ ಇಲ್ಲ.

ಕೆಲಸದ ಜಾಗದಲ್ಲಿ ಶುಭ್ರ ಬಟ್ಟೆ, ಜಿಪ್ ಇರುವ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿರಿ. ಕೈ ಕೊಯ್ದರೆ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆತ್ತಿ, 108ಕ್ಕೆ ಕರೆ ಮಾಡಿಸಿ. ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸ್ ನೀರಿನಲ್ಲಿಟ್ಟು ಒಯ್ಯಿರಿ. ಬೆರಳಿಗೆ ಐಸ್ ನೇರ ತಾಗಬಾರದು.