ಸ್ಟಾರ್ ವಾರ್ಸ್ ಸಂಗೀತದ ಎರಡು ಸೀಡಿಗಳು: 1997ರ ಆವೃತ್ತಿಯ ವಿಮರ್ಶೆ

ಜಾನ್ ವಿಲಿಯಮ್ಸ್ ಅವರು 'ಸ್ಟಾರ್ ವಾರ್ಸ್' ಚಿತ್ರಕ್ಕೆ ಸಂಯೋಜಿಸಿದ ಹಿನ್ನೆಲೆ ಸಂಗೀತ 1977ರಲ್ಲಿ ಎರಡು ಎಲ್‌ಪಿಗಳಲ್ಲಿ (ಎರಡು ಬದಿಗಳ ಗ್ರಾಮಫೋನ್ ತಟ್ಟೆಗಳಲ್ಲಿ) ಹೊರಬಂದಿತು. ಅದರ ಅವಧಿ ಸುಮಾರು 74 ನಿಮಿಷ. ಇಪ್ಪತ್ತು ವರ್ಷಗಳ ನಂತರ, ಚಿತ್ರದ ಪರಿಷ್ಕೃತ ರೂಪ ಮತ್ತೆ ತೆರೆಗೆ ಬಂದಾಗ, ಆರ್‌ಸಿಎ ವಿಕ್ಟರ್ ಸಂಸ್ಥೆ ಅದೇ ಸಂಗೀತವನ್ನು ಕಥೆ ಸಾಗುವ ಅನುಕ್ರಮದಲ್ಲಿಯೇ ಜೋಡಿಸಿ, ಎರಡು ಸೀಡಿಗಳಲ್ಲಿ ಸುಮಾರು 105 ನಿಮಿಷಗಳಿಗೆ ವಿಸ್ತರಿಸಿ ಬಿಡುಗಡೆ ಮಾಡಿತು. ಚಿತ್ರಸಂಗೀತದ ಸಂಗ್ರಹಕಾರರು ಅರ್ಧ ಗಂಟೆಯ ಈ ಹೆಚ್ಚುವರಿ ಸಂಗೀತಕ್ಕಾಗಿಯೇ ಈ ಆವೃತ್ತಿಯನ್ನು ಹೊಗಳುತ್ತಾರೆ. ನಾನೂ ಇದನ್ನು ಕೊಳ್ಳಿರಿ ಎಂದೇ ಹೇಳುತ್ತೇನೆ, ಆದರೆ ನನ್ನ ಕಾರಣ ಬೇರೆ. ಅದು ಮೊದಲ ಸೀಡಿಯ ಕೊನೆಯ ಕೆಲವು ನಿಮಿಷಗಳಲ್ಲಿದೆ.

ಮೊದಲು ಧ್ವನಿಮುದ್ರಣದ ವಿಷಯ. ಇಂಗ್ಲೆಂಡಿನ ಡೆನ್ಹಮ್‌ನಲ್ಲಿದ್ದ ಆ್ಯನ್‌ವಿಲ್ ಸ್ಟುಡಿಯೋದಲ್ಲಿ 1977ರ ಮಾರ್ಚ್ 5ರಂದು ಕೆಲಸ ಆರಂಭವಾಯಿತು. ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು ಮೇ 25ರಂದು. ನುಡಿಸಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ, ನಿರ್ದೇಶಿಸಿದ್ದು ಸ್ವತಃ ವಿಲಿಯಮ್ಸ್, ಧ್ವನಿಮುದ್ರಣದ ಎಂಜಿನಿಯರ್ ಎರಿಕ್ ಟಾಮ್ಲಿನ್ಸನ್. ಒಂದೊಂದು ಚಿತ್ರಕ್ಕೂ ಬಿಡಿ ವಾದಕರನ್ನು ಕರೆದು ಕೂಡಿಸುವ ಪದ್ಧತಿಗೆ ಬದಲಾಗಿ, ವರ್ಷವಿಡೀ ಸಭಾಂಗಣಗಳಲ್ಲಿ ಒಟ್ಟಿಗೆ ನುಡಿಸುವ ಒಂದು ವಾದ್ಯವೃಂದವನ್ನೇ ಇಡಿಯಾಗಿ ತೊಡಗಿಸಿಕೊಂಡದ್ದರ ಫಲ ಇಲ್ಲಿ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ: ಹಿತ್ತಾಳೆಯ ವಾದ್ಯಗಳ ಸಾಲು ಒಂದೇ ಉಸಿರಿನಲ್ಲಿ ಮೇಲೇರಿ, ಒಂದೇ ಕಡೆ ನಿಲ್ಲುತ್ತದೆ. ಮುಖ್ಯ ಟ್ರಂಪೆಟ್ ವಾದಕ ಮಾರಿಸ್ ಮರ್ಫಿ ಅವರು ಆ ವಾದ್ಯವೃಂದವನ್ನು ಸೇರಿದ ಮೇಲೆ ನುಡಿಸಿದ ಮೊದಲ ಕೆಲಸವೇ ಇದು ಎಂಬುದನ್ನು ತಿಳಿದು ಕೇಳಿದರೆ, ಶೀರ್ಷಿಕೆ ಸಂಗೀತದ ಆರಂಭದ ಎತ್ತರದ ಸ್ವರಗಳು ಇನ್ನಷ್ಟು ಬೆರಗು ಹುಟ್ಟಿಸುತ್ತವೆ.

ಸೀಡಿ ಆರಂಭವಾಗುವುದು ಆಲ್ಫ್ರೆಡ್ ನ್ಯೂಮನ್ ರಚಿಸಿದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಲಾಂಛನ ಸಂಗೀತದಿಂದ. ಇದನ್ನು ಕೇವಲ ಅಲಂಕಾರವೆಂದು ತಿಳಿಯಬಾರದು. ವಿಲಿಯಮ್ಸ್ ತಮ್ಮ ಶೀರ್ಷಿಕೆ ಸಂಗೀತವನ್ನು ಅದೇ ಬಿ ಫ್ಲಾಟ್ ಮೇಜರ್ ಶ್ರುತಿಯಲ್ಲಿ ಬರೆದಿರುವುದರಿಂದ, ಒಂದು ಮುಗಿದು ಇನ್ನೊಂದು ಸಿಡಿಯುವಾಗ ಎರಡೂ ಒಂದೇ ರಚನೆಯ ಭಾಗಗಳಂತೆ ಕೂಡಿಕೊಳ್ಳುತ್ತವೆ. ಎಲ್‌ಪಿಯಲ್ಲಿ ಈ ಅನುಭವ ಇರಲಿಲ್ಲ. ಅಲ್ಲಿ ಶೀರ್ಷಿಕೆ ಸಂಗೀತಕ್ಕೆ ಚಿತ್ರಾಂತ್ಯದ ಸಂಗೀತದ ಕೊನೆಯ ಭಾಗವನ್ನು ಜೋಡಿಸಿ, ಐದು ನಿಮಿಷಗಳ ಒಂದು ಸ್ವತಂತ್ರ ಕೃತಿಯನ್ನಾಗಿ ಮಾಡಲಾಗಿತ್ತು.

ಎಲ್‌ಪಿಯ ಜೋಡಣೆಯೇ ಒಂದು ಕುತೂಹಲದ ಸಂಗತಿ. ಎರಡನೆಯ ಬದಿ ನಾಯಕನ ಗುರು ಬೆನ್ ಕೆನೋಬಿಯ ಸಾವಿನೊಂದಿಗೆ ತೆರೆದುಕೊಳ್ಳುತ್ತದೆ. ರಾಜಕುಮಾರಿಯ ಬಿಡುಗಡೆ ಅದರ ನಂತರ ಬರುತ್ತದೆ. ನಾಯಕ ತನ್ನ ಸುಟ್ಟ ಮನೆಗೆ ಮರಳುವುದು ಮೂರನೆಯ ಬದಿಯಲ್ಲಿ. ಕಥೆ ಬಲ್ಲವರಿಗೆ ಇದು ಅಸ್ತವ್ಯಸ್ತವೆನಿಸೀತು. ಆದರೆ ಕೇಳುತ್ತ ಹೋದಂತೆ, ವೇಗ ಮತ್ತು ವಿಶ್ರಾಂತಿಗಳನ್ನು ಅಳೆದು ಕೂಡಿಸಿದ ಕಛೇರಿಯ ಕ್ರಮ ಅಲ್ಲಿ ಕಾಣುತ್ತದೆ. 1997ರ ಸೀಡಿಗಳು ಕಥೆಯ ಕ್ರಮಕ್ಕೆ ನಿಷ್ಠವಾಗಿರುವುದರಿಂದ ಆ ಲಯವನ್ನು ಕಳೆದುಕೊಳ್ಳುತ್ತವೆ. ಮರಳುಗಾಡಿನ ದೃಶ್ಯಗಳ ಸಂಗೀತ ಮೊದಲ ಸೀಡಿಯ ಬಹುಭಾಗವನ್ನು ಆವರಿಸಿ, ನಡುವೆ ಸ್ವಲ್ಪ ಸೊರಗುತ್ತದೆ. ನಾಯಕನೂ ಸಂಗಡಿಗರೂ ಸಿಕ್ಕಿಬೀಳುವ ಕಸದ ಕೋಣೆಯ ಸುತ್ತಲಿನ ಭಾಗಗಳು ತೆರೆಯ ಮೇಲಿನ ಚಿತ್ರವಿಲ್ಲದೆ ನಿಲ್ಲಲು ಕಷ್ಟಪಡುತ್ತವೆ. ಸಂಪೂರ್ಣವಾದದ್ದೆಲ್ಲ ಕೇಳಲು ಉತ್ತಮವೇ ಆಗಬೇಕೆಂದಿಲ್ಲ ಎಂಬುದನ್ನು ಇಂಥ ಬಿಡುಗಡೆಗಳ ಅಭಿಮಾನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಹೀಗಿದ್ದೂ ಮೊದಲ ಸೀಡಿಯ ಕೊನೆ ಎಲ್ಲವನ್ನೂ ಸರಿದೂಗಿಸುತ್ತದೆ. ಎರಡು ಸೂರ್ಯರು ಮುಳುಗುವುದನ್ನು ನಾಯಕ ನೋಡುತ್ತ ನಿಲ್ಲುವ ದೃಶ್ಯಕ್ಕೆ ವಿಲಿಯಮ್ಸ್ ಮೊದಲು ಬರೆದ ಸಂಗೀತ ಇಲ್ಲಿದೆ. ಅದು ಹೆಚ್ಚು ಕತ್ತಲಿನದು, ಹೆಚ್ಚು ಭಾರದ್ದು. ವಿಧಿಯ ಮುನ್ಸೂಚನೆಯಂತಿದೆಯೇ ಹೊರತು ಹುಡುಗನ ಹಂಬಲ ಅದರಲ್ಲಿಲ್ಲ. ನಿರ್ದೇಶಕ ಜಾರ್ಜ್ ಲೂಕಸ್ ಬೆನ್ ಕೆನೋಬಿಯ ಸ್ವರಮಾಲೆಯನ್ನು (ಆ ಪಾತ್ರವನ್ನು ಸೂಚಿಸುವ ರಾಗವನ್ನು) ಅಲ್ಲಿ ಬಳಸುವಂತೆ ಕೇಳಿದ ಮೇಲೆ, ಹಾರ್ನ್ ಒಂಟಿಯಾಗಿ ಆರಂಭಿಸಿ ತಂತಿವಾದ್ಯಗಳು ಎತ್ತಿಕೊಳ್ಳುವ, ಇಂದು ಎಲ್ಲರಿಗೂ ಪರಿಚಿತವಾದ ರೂಪ ಬಂದಿತು. ಅದೇ ಸೀಡಿಯ ಆರನೆಯ ಭಾಗದಲ್ಲಿರುವ ಆ ಅಂತಿಮ ರೂಪವನ್ನೂ ಈ ಮೊದಲ ರೂಪವನ್ನೂ ಒಂದಾದ ಮೇಲೊಂದು ಕೇಳಿದರೆ, ಒಂದು ದೃಶ್ಯದ ಅರ್ಥವನ್ನು ಸಂಗೀತ ಹೇಗೆ ತಿರುಗಿಸಬಲ್ಲದು ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಲೂಕಸ್ ಕೇಳಿದ್ದು ಸರಿಯಾಗಿತ್ತು ಎಂದೇ ನನ್ನ ಎಣಿಕೆ, ಮೊದಲ ರೂಪ ಸಂಗೀತವಾಗಿ ಎಷ್ಟೇ ಗಟ್ಟಿಯಾಗಿದ್ದರೂ.

ಅದು ಮುಗಿದ ಮೇಲೆ ಸೀಡಿಯನ್ನು ನಿಲ್ಲಿಸಬಾರದು. ಸ್ವಲ್ಪ ಮೌನದ ಬಳಿಕ, ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಭಾಗ ಆರಂಭವಾಗುತ್ತದೆ: ಶೀರ್ಷಿಕೆ ಸಂಗೀತದ 16ರಿಂದ 20ರವರೆಗಿನ ಟೇಕ್‌ಗಳು, ಅಂದರೆ ಅದನ್ನೇ ಮತ್ತೆ ಮತ್ತೆ ನುಡಿಸಿ ಮುದ್ರಿಸಿದ ಯತ್ನಗಳು, ಒಂದರ ಹಿಂದೊಂದು. ಸ್ವರಗಳು ಅವೇ, ವಾದಕರು ಅವರೇ. ಬದಲಾಗುವುದು ಒತ್ತು, ಸಮತೋಲನ, ಉಸಿರು. ತೆರೆಯ ಮೇಲೆ ಎರಡು ನಿಮಿಷಗಳಲ್ಲಿ ಸಾಗಿಹೋಗುವ ಸಂಗೀತಕ್ಕಾಗಿ ತುಟಿ ದಣಿದ ವಾದಕರು ಮತ್ತೆ ಮತ್ತೆ ಅದೇ ಎತ್ತರಕ್ಕೆ ಏರಬೇಕಾಯಿತು ಎಂಬುದು ಇಲ್ಲಿ ಮಾತಿಲ್ಲದೆ ತಿಳಿಯುತ್ತದೆ. ಇಷ್ಟು ಮುಖ್ಯವಾದ ದಾಖಲೆಯನ್ನು ಪಟ್ಟಿಯಲ್ಲಿ ಸೇರಿಸದೆ ಅಡಗಿಸಿಟ್ಟದ್ದು ಮಾತ್ರ ನನಗೆ ಅನಗತ್ಯ ತಮಾಷೆಯಾಗಿ ಕಾಣುತ್ತದೆ.

ಚಿತ್ರದಲ್ಲಿನ ಮದ್ಯದಂಗಡಿಯ ಜಾಸ್ ತಂಡದ ಎರಡು ತುಣುಕುಗಳು ಒಟ್ಟಿಗೇ ಬರುತ್ತವೆ. ಭವಿಷ್ಯದ ಜೀವಿಗಳಿಗೆ 1930ರ ದಶಕದ ಜಾಸ್ ವಾದಕ ಬೆನ್ನಿ ಗುಡ್‌ಮನ್ ಕಾಲದ ಸಂಗೀತದ ಹಾಳೆ ಸಿಕ್ಕಿ, ಅದನ್ನು ನುಡಿಸಲು ಯತ್ನಿಸಿದರೆ ಹೇಗಿದ್ದೀತು ಎಂಬುದು ಲೂಕಸ್ ಅವರ ಕಲ್ಪನೆ. ಸ್ಟೀಲ್ ಡ್ರಮ್ ಮತ್ತು ಸಿಂಥಸೈಜರ್ ಸೇರಿದ ಆ ಸದ್ದು ಇಂದಿಗೂ ನಗೆ ತರಿಸುತ್ತದೆ.

ಎರಡನೆಯ ಸೀಡಿ ಲೇಯಾ ರಾಜಕುಮಾರಿಯ ಸ್ವರಮಾಲೆಯ ಕಛೇರಿ ರೂಪದಿಂದ ಆರಂಭವಾಗಿ, ಹೆಚ್ಚು ಬಿಗಿಯಾಗಿ ಸಾಗುತ್ತದೆ. ಮುಂದೆ ಬೆನ್ ಸಾಯುವ ಗಳಿಗೆಯಲ್ಲಿ ವಿಲಿಯಮ್ಸ್ ಬಳಸುವುದು ಬೆನ್‌ನ ಸ್ವರಮಾಲೆಯನ್ನಲ್ಲ, ಇದೇ ಲೇಯಾಳದನ್ನು. ತರ್ಕದ ದೃಷ್ಟಿಯಿಂದ ಇದಕ್ಕೆ ಸಮರ್ಥನೆ ಕಡಿಮೆ, ಆದರೆ ಆ ದೃಶ್ಯಕ್ಕೆ ಬೇಕಾದ ಭಾವದ ಉಬ್ಬರ ಆ ರಾಗದಲ್ಲಿಯೇ ಇತ್ತು. ಸೀಡಿಯ ಆರಂಭದಲ್ಲಿ ಅದನ್ನು ನಿಧಾನವಾಗಿ ಕೇಳಿದವರಿಗೆ ಅದು ಮತ್ತೆ ಬಂದಾಗ ಆಗುವ ಪರಿಣಾಮ ದೊಡ್ಡದು. ಚಿತ್ರದ ಕೊನೆಯ ಬಾಹ್ಯಾಕಾಶ ಕಾಳಗವಾದ ಯಾವಿನ್ ಯುದ್ಧದ ಒಂಬತ್ತು ನಿಮಿಷಗಳ ಭಾಗ ಈ ಸೀಡಿಯ ಶಿಖರ.

ಧ್ವನಿಯ ಗುಣಮಟ್ಟದ ಬಗ್ಗೆ ನನ್ನ ಮೆಚ್ಚುಗೆ ಅಷ್ಟಿಲ್ಲ. ವಿವರಗಳು ನಿಚ್ಚಳವಾಗಿ ಕೇಳುತ್ತವೆ, ಆದರೆ ಪಿಟೀಲುಗಳು ಗಟ್ಟಿಯಾಗಿ ನುಡಿಯುವಾಗ ಮೇಲಿನ ಸ್ವರಗಳಲ್ಲಿ ಚುರುಕು ಮೀರಿದ ತೀಕ್ಷ್ಣತೆಯಿದೆ, ಕೆಳಗಿನ ನಾದ ತೆಳುವಾಗಿದೆ. ಹೆಡ್‌ಫೋನಿನಲ್ಲಿ ದೀರ್ಘಕಾಲ ಕೇಳಿದರೆ ದಣಿವಾಗುತ್ತದೆ. ಜೊತೆಗಿರುವ ಪುಸ್ತಿಕೆ ಪ್ರತಿಯೊಂದು ಭಾಗವನ್ನೂ ದೃಶ್ಯದೊಂದಿಗೆ ಹೊಂದಿಸಿ ವಿವರಿಸುತ್ತದೆ, ಓದಲು ಯೋಗ್ಯವಾಗಿದೆ. ಬಳಸಿದ ಪ್ರತಿ ಕೊಳ್ಳುವವರು ಪುಸ್ತಿಕೆ ಇದೆಯೇ ಎಂದು ನೋಡಿಕೊಳ್ಳಬೇಕು.

ಡಿಸ್ನಿ ಸಂಸ್ಥೆ 2018ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿ 1977ರ ಎಲ್‌ಪಿಯ ಜೋಡಣೆಗೇ ಮರಳಿದೆ. ಸಂಗೀತವನ್ನು ಮೊದಲ ಬಾರಿಗೆ ಕೇಳುವವರು ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಅದು ಚೆನ್ನಾಗಿ ಪರಿಚಯವಾದ ಮೇಲೆ 1997ರ ಸೀಡಿಗಳನ್ನು ಹುಡುಕಿ, ಸೂರ್ಯಾಸ್ತದ ಮೊದಲ ರೂಪವಿರುವ, ಮೊದಲ ಸೀಡಿಯ ಹದಿಮೂರನೆಯ ಭಾಗದಿಂದಲೇ ಕೇಳಲು ಆರಂಭಿಸಬಹುದು.